ಹೊಂಡದ ಪಾಚಿಗೆ ತಾಮ್ರ, ಬೆಳ್ಳಿಯ ಮದ್ದು

ಮಳೆಗಾಲ ಮುಗಿದು ಬಿಸಿಲು ಬಲಿಯುವ ಹೊತ್ತಿಗೆ ಬ್ಯಾಡಗಿ, ರಾಣೇಬೆನ್ನೂರು, ಹಾವೇರಿ ಕಡೆಯ ಕೃಷಿ ಹೊಂಡಗಳ ನೀರು ಬಣ್ಣ ತಿರುಗುತ್ತದೆ. ಹರಿದು ಬಂದಾಗ ಚಹಾದ ಬಣ್ಣಕ್ಕಿದ್ದ ನೀರಿನ ಮಣ್ಣು ನಿಧಾನಕ್ಕೆ ತಳ ಸೇರಿ ನೀರು ತಿಳಿಯಾಗುತ್ತದೆ, ಬೆಳಕು ಒಳಗಿಳಿಯುತ್ತದೆ. ಮುಂದೆ ಕೆಲವೇ ವಾರಗಳಲ್ಲಿ ಅದೇ ನೀರು ಹಸಿರು. ಮೋಟರ್ ಚಾಲೂ ಮಾಡಿದರೆ ಫುಟ್‌ವಾಲ್ವಿನ ಜಾಲರಿಗೆ ಕೂದಲಿನಂಥ ಪಾಚಿ ಸುತ್ತಿಕೊಳ್ಳುತ್ತದೆ. ಡ್ರಿಪ್ಪಿನ ಫಿಲ್ಟರ್ ಬಿಚ್ಚಿದರೆ ಒಳಗಿನ ಬಿಲ್ಲೆಗಳ ನಡುವೆ ಹಸಿರು ಲೋಳೆ, ಮೂಗಿಗೆ ಕೆಸರಿನ ವಾಸನೆ. ಸಾಲಿನ ಕೊನೆಯ ಮೆಣಸಿನ ಗಿಡಕ್ಕೆ ಹನಿ ಮುಟ್ಟುವುದೇ ಇಲ್ಲ.

ಈ ಪಾಚಿಗೆ ಹೇಳುವ ಮದ್ದುಗಳಲ್ಲಿ ತಾಮ್ರ–ಬೆಳ್ಳಿ ಅಯಾನೀಕರಣವೂ ಒಂದು. ನೀರಿನಲ್ಲಿ ಮುಳುಗಿಸಿದ ಲೋಹದ ಕಡ್ಡಿಗಳಿಗೆ ಕಡಿಮೆ ವೋಲ್ಟೇಜಿನ ಡಿ.ಸಿ. ವಿದ್ಯುತ್ ಹಾಯಿಸಿ, ಆ ಲೋಹದ ಅಯಾನುಗಳು ಅಳತೆ ತಪ್ಪದೆ ನೀರಿಗೆ ಇಳಿಯುವಂತೆ ಮಾಡುವ ವಿಧಾನ ಇದು. ಈಜುಕೊಳ, ಕಾರಂಜಿ, ಆಸ್ಪತ್ರೆಗಳ ಬಿಸಿನೀರಿನ ಕೊಳವೆಗಳಲ್ಲಿ ಬಳಕೆಯಲ್ಲಿರುವ ತಂತ್ರ. ಹೊಲದ ಹೊಂಡಕ್ಕೆ, ಊರ ಕೆರೆಗೆ ಅದು ಹೊಂದುತ್ತದೆಯೇ ಎಂಬುದಕ್ಕೆ ಮಾತ್ರ ಲೆಕ್ಕ ಹಾಕಿಯೇ ಉತ್ತರ ಹೇಳಬೇಕು.

ಪಾಚಿ ಒಂದೇ ಜಾತಿಯದಲ್ಲ

ನಾವು ಪಾಚಿ, ಹಾವಸೆ ಎಂದು ಒಟ್ಟಾಗಿ ಕರೆಯುವುದರಲ್ಲಿ ಹಲವು ಬಗೆಯ ಜೀವಿಗಳಿವೆ. ನೀರನ್ನೇ ಹಸಿರು ಸಾರಿನಂತೆ ಮಾಡುವುದು ಕಣ್ಣಿಗೆ ಕಾಣದ ಒಂಟಿ ಕೋಶದ ತೇಲುಪಾಚಿ. ಕೋಲು ಹಾಕಿ ಎತ್ತಿದರೆ ನೂಲಿನ ಲಡಿಯಂತೆ ಬರುವುದು ಸ್ಪೈರೋಗೈರಾ, ಕ್ಲಾಡೋಫೋರಾದಂಥ ನೂಲುಪಾಚಿ. ಮೂರನೆಯದು ನೀಲಿ–ಹಸಿರು ಬಣ್ಣದ ಕೆನೆ. ಗಾಳಿ ಬೀಸಿದ ದಿಕ್ಕಿನ ದಡಕ್ಕೆ ಬಣ್ಣ ಚೆಲ್ಲಿದಂತೆ ಬಂದು ನಿಲ್ಲುತ್ತದೆ. ಇದು ನಿಜವಾಗಿ ಪಾಚಿಯಲ್ಲ, ಸಯನೋಬ್ಯಾಕ್ಟೀರಿಯಾ. ಇದರಲ್ಲಿ ಮೈಕ್ರೋಸಿಸ್ಟಿಸ್‌ನಂಥ ಕೆಲವು ಬಗೆಗಳು ಯಕೃತ್ತಿಗೆ ಪೆಟ್ಟು ಕೊಡುವ ವಿಷ ಮಾಡುತ್ತವೆ.

ಭೇದ ತಿಳಿದಿರಬೇಕು, ಏಕೆಂದರೆ ತಾಮ್ರಕ್ಕೆ ಎಲ್ಲವೂ ಒಂದೇ ರೀತಿ ಬಗ್ಗುವುದಿಲ್ಲ. ತೇಲುಪಾಚಿ ಬೇಗ ಸಾಯುತ್ತದೆ. ನೂಲುಪಾಚಿ ದಪ್ಪ ಹಾಸಾಗಿ ಬೆಳೆದಿದ್ದರೆ ಮೇಲಿನ ಪದರ ಸತ್ತರೂ ಒಳಗಿನದು ಉಳಿಯುತ್ತದೆ. ಅಂತರಗಂಗೆ, ಅಜೋಲಾ ಪಾಚಿಗಳೇ ಅಲ್ಲ. ಅಯಾನೀಕರಣದ ಸಣ್ಣ ಅಳತೆಯ ತಾಮ್ರ ಅವುಗಳಿಗೆ ಲೆಕ್ಕಕ್ಕಿಲ್ಲ.

ತಾಮ್ರದ ಕೊಡ ಗೊತ್ತು ಮಾಡಿಕೊಟ್ಟದ್ದು

ಬಚ್ಚಲ ಪಕ್ಕದ ಪ್ಲಾಸ್ಟಿಕ್ ಡ್ರಮ್ಮನ್ನು ನಾಲ್ಕು ದಿನ ಬಿಸಿಲಿಗೆ ಬಿಟ್ಟರೆ ಒಳಗೋಡೆಗೆ ಬೆರಳಾಡಿಸಿದಾಗ ಜಾರುವ ಲೋಳೆ ಸಿಗುತ್ತದೆ. ತಾಮ್ರದ ಕೊಡದ ಒಳಗೆ ಅದು ಸಿಗುವುದಿಲ್ಲ. ಅಲ್ಲಿ ಕಟ್ಟುವುದು ಕಿಲುಬು, ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಹೋಗುತ್ತದೆ. ಹಾಗೆಂದು ಅದೇ ಪಾತ್ರೆಯಲ್ಲಿ ಮಜ್ಜಿಗೆ ಇಡಲು ಹಿರಿಯರು ಬಿಡುತ್ತಿರಲಿಲ್ಲ, ಅಡುಗೆಯ ತಾಮ್ರಕ್ಕೆ ಕಲಾಯಿ ಹಾಕಿಸದೆ ಒಲೆಗೆ ಏರಿಸುತ್ತಿರಲಿಲ್ಲ. ಲೋಹ ನೀರಿಗೆ ಸ್ವಲ್ಪ ಇಳಿದರೆ ಗುಣ, ಹುಳಿಗೆ ಸಿಕ್ಕಿ ಹೆಚ್ಚು ಇಳಿದರೆ ವಿಷ ಎಂಬ ಎರಡೂ ಮಾತು ಆ ಅಡುಗೆಮನೆಗೆ ಗೊತ್ತಿದ್ದವು.

ವಿಜ್ಞಾನದ ದಾಖಲೆಯಲ್ಲಿ ಇದು ಮೊದಲು ಗೊತ್ತಾದದ್ದೂ ಪಾಚಿಯ ಮೇಲೆಯೇ. ಸ್ವಿಟ್ಜರ್ಲೆಂಡಿನ ಸಸ್ಯವಿಜ್ಞಾನಿ ಕಾರ್ಲ್ ನೇಗೆಲಿ, ಅತ್ಯಲ್ಪ ತಾಮ್ರವಿದ್ದ ನೀರಿನಲ್ಲಿ ಸ್ಪೈರೋಗೈರಾ ಸಾಯುವುದನ್ನು ಕಂಡು ಅದಕ್ಕೆ ‘ಆಲಿಗೋಡೈನಮಿಕ್’ ಪರಿಣಾಮ, ಅಂದರೆ ಅಲ್ಪದಿಂದಲೇ ಆಗುವ ಪರಿಣಾಮ, ಎಂದು ಹೆಸರಿಟ್ಟ. ಆತ ತೀರಿಕೊಂಡ ಮೇಲೆ, 1893ರಲ್ಲಿ ಆ ಬರಹ ಅಚ್ಚಾಯಿತು. 1904ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಮೂರ್ ಮತ್ತು ಕೆಲ್ಲರ್‌ಮನ್ ಜಲಾಶಯಗಳ ಪಾಚಿಗೆ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಬಳಸುವ ವಿಧಾನವನ್ನು ಪ್ರಕಟಿಸಿದರು. ಕರ್ನಾಟಕದ ಮಟ್ಟಿಗೆ ತಾಮ್ರ ಹೊಲಕ್ಕೆ ಬಂದದ್ದು ಬೇರೆ ದಾರಿಯಿಂದ. ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಳಕೆಗೆ ತಂದರು. ಬ್ಯಾಡಗಿಯ ಮೆಣಸಿನಕಾಯಿ ಬೆಳೆಗಾರರಿಗಂತೂ ತಾಮ್ರ ಹೊಸ ಪರಿಚಯವಲ್ಲ. ಕಾಯಿಕೊಳೆಗೆ ಹೊಡೆಯುವ ಕಾಪರ್ ಆಕ್ಸಿಕ್ಲೋರೈಡ್, ಗೊಬ್ಬರದಂಗಡಿಯವರ ಬಾಯಲ್ಲಿ ಸಿ.ಓ.ಸಿ., ಇದೇ ಲೋಹ.

ಪಾಚಿಯ ಕೋಶಕ್ಕೆ ತಾಮ್ರ ಬೇಕೇ ಬೇಕು, ಆದರೆ ಎಳ್ಳಿನ ಮೊನೆಯಷ್ಟು. ಅದಕ್ಕಿಂತ ಹೆಚ್ಚು ಒಳಹೊಕ್ಕರೆ ದ್ಯುತಿಸಂಶ್ಲೇಷಣೆಯ ಸರಪಳಿ ತುಂಡಾಗುತ್ತದೆ, ಕೋಶದ ಪೊರೆ ಸೋರತೊಡಗುತ್ತದೆ. ಬೆಳ್ಳಿಯ ದಾರಿ ಬೇರೆ. ಅದು ಗಂಧಕವಿರುವ ಕಿಣ್ವಗಳಿಗೆ ಅಂಟಿಕೊಂಡು ಅವುಗಳ ಕೆಲಸ ನಿಲ್ಲಿಸುತ್ತದೆ, ಮುಖ್ಯವಾಗಿ ಬ್ಯಾಕ್ಟೀರಿಯಾಗಳಲ್ಲಿ. ಹೀಗಾಗಿ ಈ ಜೋಡಿಯಲ್ಲಿ ಪಾಚಿಯ ಪಾಲಿನ ಕೆಲಸ ತಾಮ್ರದ್ದು, ರೋಗಾಣುವಿನ ಪಾಲಿನದು ಬೆಳ್ಳಿಯದು. ಮೀರ್ ಅಂತರಿಕ್ಷ ನಿಲ್ದಾಣದಲ್ಲಿ ಕುಡಿಯುವ ನೀರು ಕೆಡದಂತೆ ಇಟ್ಟದ್ದು ಬೆಳ್ಳಿಯೇ. ಆದರೆ ಮೆಣಸಿನ ಹೊಲಕ್ಕೆ ಬಿಡುವ ನೀರಿಗೆ ಅಂತರಿಕ್ಷದ ಶುದ್ಧಿ ಯಾರಿಗೂ ಬೇಕಿಲ್ಲ.

ಯಂತ್ರದ ಒಳಗೆ

ಎರಡು ಲೋಹದ ಕಡ್ಡಿಗಳು, ಅವಕ್ಕೆ ವಿದ್ಯುತ್ ಕೊಡುವ ಒಂದು ಡಬ್ಬಿ, ಅಷ್ಟೇ. ಧನಾಗ್ರಕ್ಕೆ ಜೋಡಿಸಿದ ಕಡ್ಡಿಯ ತಾಮ್ರದ ಪ್ರತಿ ಪರಮಾಣುವೂ ಎರಡು ಎಲೆಕ್ಟ್ರಾನು ಬಿಟ್ಟುಕೊಟ್ಟು ಅಯಾನಾಗಿ ನೀರಿಗಿಳಿಯುತ್ತದೆ. ಬೆಳ್ಳಿ ಒಂದೇ ಎಲೆಕ್ಟ್ರಾನು ಬಿಡುತ್ತದೆ. ಕಡ್ಡಿ ಶುದ್ಧ ತಾಮ್ರದ್ದಿರಬಹುದು, ಇಲ್ಲವೇ ತಾಮ್ರಕ್ಕೆ ಸ್ವಲ್ಪ ಬೆಳ್ಳಿ ಬೆರೆಸಿದ ಮಿಶ್ರಲೋಹ. ಈಜುಕೊಳದ ಯಂತ್ರಗಳಲ್ಲಿ ನೂರಕ್ಕೆ ತೊಂಬತ್ತು ತಾಮ್ರ, ಹತ್ತು ಬೆಳ್ಳಿ ಎಂಬ ಪ್ರಮಾಣ ಸಾಮಾನ್ಯ. ಒಳ್ಳೆಯ ಯಂತ್ರ ಕೆಲವು ನಿಮಿಷಕ್ಕೊಮ್ಮೆ ಧನ–ಋಣ ಅದಲುಬದಲು ಮಾಡುತ್ತದೆ. ಇಲ್ಲವಾದರೆ ಒಂದೇ ಕಡ್ಡಿ ಸವೆದು, ಇನ್ನೊಂದರ ಮೇಲೆ ಸುಣ್ಣದ ಹಕ್ಕಳೆ ಕಟ್ಟಿ ವಿದ್ಯುತ್ ಹರಿಯುವುದೇ ನಿಲ್ಲುತ್ತದೆ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಈ ಹಕ್ಕಳೆಯ ಕಾಟ ಜಾಸ್ತಿ.

ಆಸ್ಪತ್ರೆಗಳ ಕೊಳವೆಗಳಲ್ಲಿ ಲೀಜನೆಲ್ಲಾ ಬ್ಯಾಕ್ಟೀರಿಯಾ ತಡೆಯಲು ಲೀಟರಿಗೆ 0.2ರಿಂದ 0.4 ಮಿಲಿಗ್ರಾಂ ತಾಮ್ರ, ಅದರ ಹತ್ತನೇ ಒಂದು ಪಾಲು ಬೆಳ್ಳಿ ಇರಿಸುತ್ತಾರೆ. ಈಜುಕೊಳದ ಪಾಚಿಗೂ ತಾಮ್ರದ ಅಳತೆ ಹೆಚ್ಚುಕಡಿಮೆ ಅಷ್ಟೇ. ಮುಂದಿನ ಲೆಕ್ಕಕ್ಕೆ 0.3 ಮಿಲಿಗ್ರಾಂ ಎಂದು ಹಿಡಿಯೋಣ.

ಒಂದು ಕೃಷಿ ಹೊಂಡದ ಲೆಕ್ಕ

2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯಲ್ಲಿ ತೋಡಿದ ಹೊಂಡಗಳಲ್ಲಿ 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳದ್ದು ದೊಡ್ಡ ಅಳತೆ. ಗೋಡೆ ಇಳಿಜಾರಾಗಿರುವುದರಿಂದ ತಳದಲ್ಲಿ ಅದು 15 ಮೀಟರ್ ಚೌಕಕ್ಕೆ ಕಿರಿದಾಗುತ್ತದೆ ಎಂದುಕೊಳ್ಳಿ. ತುಂಬಿದಾಗ ಹಿಡಿಯುವ ನೀರು 981 ಘನ ಮೀಟರ್, ಅಂದರೆ ಹತ್ತಿರ ಹತ್ತಿರ 10 ಲಕ್ಷ ಲೀಟರ್. ಲೀಟರಿಗೆ 0.3 ಮಿಲಿಗ್ರಾಂ ತಾಮ್ರ ಬೇಕೆಂದರೆ ಇಡೀ ಹೊಂಡಕ್ಕೆ ಸುಮಾರು 294 ಗ್ರಾಂ.

ಇಷ್ಟು ತಾಮ್ರವನ್ನು ವಿದ್ಯುತ್ತಿನಿಂದ ಇಳಿಸಲು ಎಷ್ಟು ಹೊತ್ತು? ಇಲ್ಲಿ ಫ್ಯಾರಡೆಯ ನಿಯಮ ಯಾವ ಕಂಪನಿಯ ಮುಲಾಜೂ ನೋಡುವುದಿಲ್ಲ. ಒಂದು ಆಂಪಿಯರ್ ವಿದ್ಯುತ್ ಒಂದು ಗಂಟೆ ಹರಿದರೆ ಕರಗುವ ತಾಮ್ರ 1.19 ಗ್ರಾಂ, ಅದಕ್ಕಿಂತ ಒಂದು ಚೂರೂ ಹೆಚ್ಚಿಲ್ಲ. ಹಾಗಾದರೆ 294 ಗ್ರಾಮಿಗೆ 248 ಆಂಪಿಯರ್–ಗಂಟೆ. ನೀರಿನ ಮೇಲೆ ತೇಲುವ ಸಣ್ಣ ಸೋಲಾರ್ ಯಂತ್ರವೊಂದು 0.2 ಆಂಪಿಯರಿನಂತೆ ದಿನಕ್ಕೆ ಆರು ಗಂಟೆ ಓಡಿತೆಂದರೆ ದಿನಕ್ಕೆ ಇಳಿಯುವ ತಾಮ್ರ ಒಂದೂವರೆ ಗ್ರಾಮೂ ಇಲ್ಲ. ಹೊಂಡ ಹದಕ್ಕೆ ಬರಲು ಬೇಕಾದದ್ದು 207 ದಿನ. ಅಷ್ಟರಲ್ಲಿ ಮೆಣಸಿನಕಾಯಿ ಕೊಯ್ಲಾಗಿ, ಒಣಗಿ, ಬ್ಯಾಡಗಿ ಮಾರುಕಟ್ಟೆಯಲ್ಲಿ ಟೆಂಡರ್ ಆಗಿ ಹೋಗಿರುತ್ತದೆ. ಹೊಂಡವೂ ಬತ್ತಿರುತ್ತದೆ. ಮೇಲಾಗಿ ಇಳಿದ ತಾಮ್ರ ನೀರಿನಲ್ಲೇ ಕಾದು ಕೂರುವುದಿಲ್ಲ, ಅರ್ಧಕ್ಕರ್ಧ ಕೆಸರಿಗೆ ಅಂಟಿ ತಳ ಸೇರುತ್ತಿರುತ್ತದೆ.

ಬೆಳ್ಳಿಯನ್ನೂ ಸೇರಿಸಬೇಕೆಂದರೆ ಲೀಟರಿಗೆ 0.03 ಮಿಲಿಗ್ರಾಮಿನಂತೆ 29 ಗ್ರಾಂ. ಎರಡೂವರೆ ತೊಲ ಬೆಳ್ಳಿ, ಒಂದು ಸಲದ ಮದ್ದಿಗೆ! ಮಗಳ ಕಾಲ್ಗೆಜ್ಜೆಗೆ ಆಗುವ ಬೆಳ್ಳಿಯನ್ನು ಹೊಂಡದ ಕೆಸರಿಗೆ ಸುರಿಯುವುದನ್ನು ಯಾವ ಮನೆಯ ಹೆಂಗಸೂ ಒಪ್ಪಲಾರಳು. ಒಪ್ಪಬೇಕಾದ ಕಾರಣವೂ ಇಲ್ಲ.

ಅದೇ ಲೆಕ್ಕವನ್ನು 4 ಮೀಟರ್ ಉದ್ದ, 3 ಮೀಟರ್ ಅಗಲ, ಒಂದೂವರೆ ಮೀಟರ್ ಎತ್ತರದ ಸಿಮೆಂಟ್ ತೊಟ್ಟಿಗೆ ಹಾಕಿ ನೋಡಿ. 18,000 ಲೀಟರ್ ನೀರಿಗೆ ಬೇಕಾದ ತಾಮ್ರ 5.4 ಗ್ರಾಂ. ಅದೇ ಪುಟ್ಟ ಯಂತ್ರಕ್ಕೆ ನಾಲ್ಕು ದಿನದ ಕೆಲಸ. ಬೋರಿನ ನೀರು ತುಂಬಿಸಿಟ್ಟು ಡ್ರಿಪ್ಪಿಗೆ ಬಿಡುವ ತೊಟ್ಟಿ, ಕಾರಂಜಿಯ ಕೊಳ, ಮನೆಯ ಅಂಗಳದ ತಾವರೆ ತೊಟ್ಟಿ, ಇವೇ ಈ ಯಂತ್ರದ ನಿಜವಾದ ಜಾಗ. ರಾಣೇಬೆನ್ನೂರು ಸುತ್ತ ತರಕಾರಿಯ ಹೈಬ್ರಿಡ್ ಬೀಜೋತ್ಪಾದನೆ ಮಾಡುವವರ ನೆರಳುಪರದೆಯ ಮನೆಗಳ ಪಕ್ಕ ಇಂಥ ತೊಟ್ಟಿಗಳಿದ್ದರೆ ಅಲ್ಲಿ ಇದು ಪರೀಕ್ಷೆಗೆ ಯೋಗ್ಯ.

ನೀರು ಹೇಳುವ ಮಾತು

ಕಡ್ಡಿಯಿಂದ ಇಳಿದ ತಾಮ್ರವೆಲ್ಲ ಪಾಚಿಯ ಕೋಶ ಮುಟ್ಟುವುದಿಲ್ಲ. ನೀರಿನ ಕ್ಷಾರೀಯತೆ ಹೆಚ್ಚಿದ್ದರೆ ತಾಮ್ರ ಕಾರ್ಬೋನೇಟಾಗಿ, ಅಂದರೆ ಪಾತ್ರೆಯ ಮೇಲಿನ ಕಿಲುಬೇ ಆಗಿ, ತಳಕ್ಕೆ ಕೂರುತ್ತದೆ. ಕ್ಷಾರೀಯತೆ ಲೀಟರಿಗೆ 250–300 ಮಿಲಿಗ್ರಾಂ ದಾಟಿದರೆ ಮದ್ದು ಹಾಕಿದರೂ ಒಂದೇ, ಬಿಟ್ಟರೂ ಒಂದೇ. 50ಕ್ಕಿಂತ ಕಡಿಮೆಯಿದ್ದರೆ ತದ್ವಿರುದ್ಧ: ಸಣ್ಣ ಅಳತೆಯ ತಾಮ್ರವೂ ಮೀನಿಗೆ ವಿಷ. ಹೊಂಡದ ಮಳೆನೀರು ಮೆದು, ಬೋರಿನ ನೀರು ಗಡಸು. ಎರಡನ್ನೂ ಒಂದೇ ಹೊಂಡಕ್ಕೆ ಬಿಡುವ ರೈತನಿಗೆ ಒಂದೇ ಅಳತೆಯ ಮಾತು ವರ್ಷಪೂರ್ತಿ ನಡೆಯುವುದಿಲ್ಲ.

ಪಿಎಚ್ ಇನ್ನೊಂದು ಗೊಡವೆ. ದಟ್ಟ ಹಸಿರಿನ ಹೊಂಡದಲ್ಲಿ ಪಾಚಿ ಹಗಲೆಲ್ಲ ನೀರಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮಧ್ಯಾಹ್ನದ ಹೊತ್ತಿಗೆ ಪಿಎಚ್ 9 ದಾಟಿಸುವುದುಂಟು. ಆ ಪಿಎಚ್‌ನಲ್ಲಿ ತಾಮ್ರ ಅಯಾನಾಗಿ ಉಳಿಯುವುದು ಕಷ್ಟ. ಸೋಲಾರ್ ಯಂತ್ರ ಜೋರಾಗಿ ಕೆಲಸ ಮಾಡುವುದು ಸರಿಯಾಗಿ ಅದೇ ಮಧ್ಯಾಹ್ನ. ಯಂತ್ರದ ಹುರುಪೂ ನೀರಿನ ವಿರೋಧವೂ ಒಂದೇ ಗಳಿಗೆಗೆ ಏರುತ್ತವೆ. ಇದನ್ನು ಯಾವ ಜಾಹೀರಾತೂ ಹೇಳುವುದಿಲ್ಲ.

ಎರೆಮಣ್ಣಿನ ಕಣಗಳಿಗೂ ತಾಮ್ರವೆಂದರೆ ಪ್ರೀತಿ. ಎರೆಹೊಲದ ಹೊಂಡದಲ್ಲಿ ತೇಲುವ ಜೇಡಿಯೇ ಅರ್ಧ ಮದ್ದು ನುಂಗುತ್ತದೆ. ಬೆಳ್ಳಿಯಂತೂ ನೀರಿನ ಉಪ್ಪಿನಂಶದ ಕ್ಲೋರೈಡ್ ಸಿಕ್ಕಿತೆಂದರೆ ಕರಗದ ಬಿಳಿ ಪುಡಿಯಾಗಿ ಬಿಡುತ್ತದೆ. ಹಾಗಾಗಿ ಯಂತ್ರದ ವಿಚಾರಕ್ಕೆ ಮೊದಲೇ ನೀರಿನ ಪರೀಕ್ಷೆ ಆಗಬೇಕು. ಈ ಭಾಗದವರಿಗೆ ಸಲಹೆ ಕೇಳಲು ರಾಣೇಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ ಹತ್ತಿರ.

ಮೈಲುತುತ್ತದ ಜೊತೆ ಹೋಲಿಸಿದರೆ

ಹೊಂಡದ ಅದೇ 294 ಗ್ರಾಂ ತಾಮ್ರ 1.2 ಕಿಲೋ ಮೈಲುತುತ್ತದಲ್ಲಿ ಇದೆ. ನೀಲಿ ಹರಳನ್ನು ಗೋಣಿಬಟ್ಟೆಯಲ್ಲಿ ಕಟ್ಟಿ ಹೊಂಡದ ಸುತ್ತ ಎಳೆದರೆ ಒಂದು ಬೆಳಗಿನ ಕೆಲಸ, ಖರ್ಚು ಕೆಲವು ನೂರು ರೂಪಾಯಿ. ಬಳಕೆಯಲ್ಲಿರುವ ಸೂತ್ರವೂ ಸರಳ: ಕ್ಷಾರೀಯತೆಯ ಅಂಕಿಯನ್ನು ನೂರರಿಂದ ಭಾಗಿಸಿದರೆ ಬರುವುದೇ ಲೀಟರಿಗೆ ಹಾಕಬೇಕಾದ ಮೈಲುತುತ್ತದ ಮಿಲಿಗ್ರಾಂ. ಅಯಾನೀಕರಣದ ಹೆಚ್ಚುಗಾರಿಕೆ ಇರುವುದು ನಿಧಾನದಲ್ಲಿ. ಮೈಲುತುತ್ತ ಒಮ್ಮೆಲೇ ಸುರಿದರೆ ಒಂದು ಮೂಲೆಯಲ್ಲಿ ಅತಿಯಾಗುತ್ತದೆ, ಯಂತ್ರ ದಿನಾ ಚಿಟಿಕೆಯಷ್ಟೇ ಬಿಡುತ್ತದೆ. ಪಾಚಿ ಎದ್ದ ಮೇಲೆ ಕೊಲ್ಲುವುದಕ್ಕಿಂತ ಏಳದಂತೆ ತಡೆಯುವುದಕ್ಕೆ ಇದು ಒಳ್ಳೆಯದು. ಈಗಾಗಲೇ ಹಸಿರುಗಟ್ಟಿದ ನೀರಿಗೆ ಯಂತ್ರ ಇಳಿಬಿಟ್ಟು ಪವಾಡಕ್ಕೆ ಕಾದರೆ ನಿರಾಸೆ ಖಂಡಿತ.

ಮೀನು, ಕುರಿ, ಮೆಣಸಿನಕಾಯಿ

ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಲೀಟರಿಗೆ 0.05 ಮಿಲಿಗ್ರಾಂ ತಾಮ್ರ ಅಪೇಕ್ಷಿತ ಮಿತಿ. ಬೇರೆ ನೀರಿಲ್ಲದಾಗ 1.5ರವರೆಗೆ ನಡೆಯುತ್ತದೆ. ಬೆಳ್ಳಿಗೆ 0.1. ಅಂದರೆ ಅಯಾನೀಕರಿಸಿದ ನೀರು ಮನುಷ್ಯನಿಗೆ ಅಂಥ ಗಂಡಾಂತರದ್ದಲ್ಲ. ಅಪಾಯ ಇರುವುದು ನಮಗಿಂತ ಚಿಕ್ಕ ಜೀವಿಗಳಿಗೆ.

ಹೊಂಡದಲ್ಲಿ ಕಾಟ್ಲಾ, ರೋಹು ಬಿಟ್ಟಿದ್ದರೆ ತಾಮ್ರ ಸಾವಿರ ಸಲ ಯೋಚಿಸಿ ಹಾಕಬೇಕಾದ ವಸ್ತು. ಮೆದು ನೀರಿನಲ್ಲಿ ಅದು ಮೀನಿನ ಕಿವಿರು ಕೆಡಿಸುತ್ತದೆ. ಬೆಳ್ಳಿಯ ಬಿಡಿ ಅಯಾನು ಮೀನಿಗೆ ಇನ್ನೂ ಉಗ್ರ. ಪಾಚಿಯನ್ನು ತಿಂದು ಬದುಕುವ ನೀರುಚಿಗಟಗಳು, ಬಸವನಹುಳುಗಳು ಮೀನಿಗಿಂತ ಮೊದಲೇ ಸಾಯುತ್ತವೆ. ತಿನ್ನುವವರು ಸತ್ತ ಮೇಲೆ ಪಾಚಿ ಮತ್ತೆ ಎದ್ದಾಗ ತಡೆಯುವವರಿರುವುದಿಲ್ಲ. ಒಮ್ಮೆಗೇ ಸತ್ತ ಪಾಚಿ ಕೊಳೆಯುವಾಗ ನೀರಿನ ಆಮ್ಲಜನಕ ಬರಿದಾಗುತ್ತದೆ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆದು ಗುಟುಕರಿಸುವುದು ಕಂಡರೆ ಕಾರಣ ಅದೇ, ತಾಮ್ರವೇ ಆಗಿರಬೇಕೆಂದಿಲ್ಲ. ಅದಕ್ಕೇ ಒಂದು ಸಲಕ್ಕೆ ಹೊಂಡದ ಮೂರನೇ ಒಂದು ಭಾಗಕ್ಕೆ ಮಾತ್ರ ಮದ್ದು ಕೊಡುವ ಪದ್ಧತಿ. ನೀಲಿ–ಹಸಿರು ಕೆನೆ ಕಟ್ಟಿದ್ದರಂತೂ ಕೋಶ ಒಡೆದು ವಿಷವೆಲ್ಲ ನೀರಿಗೆ ಬರುತ್ತದೆ. ದನಗಳನ್ನು ಆ ನೀರಿನಿಂದ ದೂರ ಕಟ್ಟಬೇಕು.

ಸಾಕುಪ್ರಾಣಿಗಳಲ್ಲಿ ತಾಮ್ರವನ್ನು ಎಲ್ಲಕ್ಕಿಂತ ಕಡಿಮೆ ತಾಳುವುದು ಕುರಿ. ಅದರ ಯಕೃತ್ತು ತಾಮ್ರವನ್ನು ಹೊರಹಾಕದೆ ಕೂಡಿಡುತ್ತದೆ. ಆಸ್ಟ್ರೇಲಿಯಾದ ಮಾರ್ಗಸೂಚಿಯಲ್ಲಿ ಕುಡಿಯುವ ನೀರಿನ ತಾಮ್ರದ ಮಿತಿ ದನಕ್ಕೆ ಲೀಟರಿಗೆ 1 ಮಿಲಿಗ್ರಾಂ, ಕುರಿಗೆ 0.4. ನಾವು ಲೆಕ್ಕ ಹಿಡಿದ 0.3 ಅದರ ಅಂಚಿನಲ್ಲೇ ಇದೆ. ಮೇಡ್ಲೇರಿಯಂಥ ಕಂಬಳಿಯ ಊರುಗಳಿರುವ, ಹಿಂಡುಗಳು ದಾರಿಯ ಹೊಂಡಗಳಲ್ಲೇ ನೀರು ಕುಡಿಯುವ ಸೀಮೆಯಲ್ಲಿ ಇದು ಮರೆಯುವ ಅಂಕಿಯಲ್ಲ.

ಬೆಳೆಯ ವಿಚಾರ ನಿಧಾನದ್ದು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ ವರ್ಷಾನುಗಟ್ಟಲೆ ಹಾಯಿಸುವ ನೀರಿಗೆ ಸೂಚಿಸಿದ ಮಿತಿ ಲೀಟರಿಗೆ 0.2 ಮಿಲಿಗ್ರಾಂ ತಾಮ್ರ. ಒಂದು ಸುಗ್ಗಿಯಲ್ಲಿ ಏನೂ ಆಗದು. ಆದರೆ ಎಲೆಯ ಮೇಲೆ ಸಿ.ಓ.ಸಿ., ಬೇರಿಗೆ ತಾಮ್ರದ ನೀರು ಎಂದು ಎರಡೂ ದಾರಿಯಿಂದ ಬಂದ ಲೋಹ ಮಣ್ಣಿನಿಂದ ಎಲ್ಲಿಗೂ ಹೋಗುವುದಿಲ್ಲ, ಎರೆಹುಳುವಿಗೂ ಅದು ಹಿತವಲ್ಲ.

ಕೆರೆಗೆ ಬೇಡ

ಹಾವೇರಿಯ ಹೆಗ್ಗೇರಿ ಕೆರೆ ನೂರಾರು ಎಕರೆಯದ್ದು. ಬರೀ ನೂರು ಎಕರೆಗೆ, ಒಂದೇ ಮೀಟರ್ ಆಳಕ್ಕೆ ಲೆಕ್ಕ ಹಾಕಿದರೂ 120 ಕಿಲೋ ತಾಮ್ರ ಬೇಕು. ಅದನ್ನು ಮಳೆಗಾಲದ ಮೊದಲ ಕೋಡಿ ಹೊತ್ತೊಯ್ಯುತ್ತದೆ. ಕೆರೆಯ ಹಸಿರು ಚರಂಡಿಯದ್ದು ಮತ್ತು ಹೊಲಗಳಿಂದ ಹರಿದ ಗೊಬ್ಬರದ್ದು. ಅದನ್ನು ತಡೆಯುವುದು ಬಿಟ್ಟು ಕೆರೆಗೆ ಲೋಹ ಹಾಕುವ ಪ್ರಸ್ತಾಪವನ್ನು ಯಾವ ಗ್ರಾಮ ಪಂಚಾಯಿತಿಯಾಗಲಿ, ನಗರಸಭೆಯಾಗಲಿ ಒಪ್ಪಬಾರದು. ಮೀನುಗಾರಿಕೆಯ ಗುತ್ತಿಗೆ, ದನಕರು, ಹಕ್ಕಿ ಎಲ್ಲವೂ ಇರುವ ಸಾರ್ವಜನಿಕ ನೀರು ಅದು.

ತಾಮ್ರಕ್ಕಿಂತ ಮೊದಲು

ಪಾಚಿಯ ಊಟ ರಂಜಕ. ಡಿ.ಎ.ಪಿ. ಚೀಲದಲ್ಲಿ ಬರುವುದು ಅದೇ. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿ ಬೀದಿಗಿಳಿದ ರೈತರ ಮೇಲೆ ಗೋಲಿಬಾರ್ ಆಗಿ ಜೀವ ಹೋದದ್ದನ್ನು ಈ ಜಿಲ್ಲೆ ಮರೆತಿಲ್ಲ. ಅಷ್ಟು ತುಟ್ಟಿಯಾದ ಗೊಬ್ಬರ ಮೊದಲ ದೊಡ್ಡ ಮಳೆಗೆ ಹೊಂಡಕ್ಕಿಳಿದು ಪಾಚಿಯಾಗುವುದು ಎರಡು ಸಲ ನಷ್ಟ. ಹೊಂಡಕ್ಕೆ ನೀರು ಬರುವ ಬಾಯಲ್ಲಿ ಹೂಳುಗುಂಡಿ ತೋಡಿ, ಸುತ್ತ ಮೂರು ಮೀಟರಾದರೂ ಹುಲ್ಲಿನ ಪಟ್ಟಿ ಬಿಟ್ಟರೆ ಮಣ್ಣಿನ ಜೊತೆ ರಂಜಕವೂ ಅಲ್ಲೇ ನಿಲ್ಲುತ್ತದೆ. ಹೊಂಡದ ದಡದಲ್ಲಿ ಎಮ್ಮೆ ತೊಳೆಯುವುದು ಬಿಡಬೇಕು.

ಎರಡನೆಯದು ಬೆಳಕು. ಹೊಂಡದ ಮೇಲೆ ನೆರಳುಪರದೆ ಕಟ್ಟಿದರೆ ಪಾಚಿಯೂ ಕುಗ್ಗುತ್ತದೆ, ಆವಿಯಾಗುವ ನೀರೂ ಉಳಿಯುತ್ತದೆ. ಬಯಲುಸೀಮೆಯಲ್ಲಿ ಈ ಎರಡನೆಯ ಲಾಭವೇ ದೊಡ್ಡದು. ಮೂರನೆಯದು ಮೀನು. ಬೆಳ್ಳಿಗೆಂಡೆ ತೇಲುಪಾಚಿಯನ್ನು ಸೋಸಿ ತಿನ್ನುತ್ತದೆ, ಹುಲ್ಲುಗೆಂಡೆ ನೂಲುಪಾಚಿಯನ್ನೂ ನೀರುಕಳೆಯನ್ನೂ ಮೇಯುತ್ತದೆ. ಬೆಳ್ಳಿಯ ಕಡ್ಡಿಗಿಂತ ಬೆಳ್ಳಿಗೆಂಡೆ ವಾಸಿ, ಕೊನೆಗೆ ಮಾರಾಟಕ್ಕಾದರೂ ಬರುತ್ತದೆ. ಡ್ರಿಪ್ಪಿನವರು ಫುಟ್‌ವಾಲ್ವನ್ನು ಡ್ರಮ್ಮಿಗೆ ಕಟ್ಟಿ ನೀರಿನ ಮೇಲ್ಮೈಯಿಂದ ಮೂರಡಿ ಕೆಳಗೆ ತೇಲಿಸಿದರೆ ಮೇಲಿನ ಹಸಿರೂ ತಳದ ಕೆಸರೂ ತಪ್ಪುತ್ತವೆ. ಮರಳಿನ ಫಿಲ್ಟರ್ ಮುಂದೆ, ಡಿಸ್ಕ್ ಫಿಲ್ಟರ್ ಅದರ ಹಿಂದೆ.

ಕೊಳ್ಳುವವರು ತೂಗಿ ನೋಡಲಿ

ಇಷ್ಟಾದರೂ ತೊಟ್ಟಿಗೆ ಒಂದು ಯಂತ್ರ ಬೇಕೆನಿಸಿದರೆ ಡಬ್ಬಿಯ ಮೇಲೆ ಬರೆದ ‘ಇಷ್ಟು ಲಕ್ಷ ಲೀಟರಿಗೆ’ ಎಂಬುದನ್ನು ಬದಿಗಿಟ್ಟು ಎರಡು ಸಂಗತಿ ಕೇಳಿ. ಎಷ್ಟು ಆಂಪಿಯರ್, ದಿನಕ್ಕೆ ಎಷ್ಟು ಗಂಟೆ. ಗುಣಿಸಿ, 1.19ರಿಂದ ಮತ್ತೆ ಗುಣಿಸಿದರೆ ದಿನಕ್ಕೆ ಇಳಿಯುವ ತಾಮ್ರದ ಗ್ರಾಂ ಸಿಗುತ್ತದೆ. ನೀರಿನಲ್ಲಿ ಎಷ್ಟಿದೆ ಎಂದು ನೋಡಲು ಬಣ್ಣ ಹೋಲಿಸುವ ತಾಮ್ರದ ಟೆಸ್ಟ್ ಕಿಟ್ ಸಿಗುತ್ತದೆ, ಯಂತ್ರದ ಜೊತೆಗೇ ಕೊಳ್ಳಿ. ಅಳೆಯದೆ ಓಡಿಸಿದರೆ ಯಂತ್ರ ಸಾಲದಾಗಿದೆಯೋ ಅತಿಯಾಗಿದೆಯೋ ತಿಳಿಯುವುದಿಲ್ಲ. ತೊಟ್ಟಿಯ ಸಿಮೆಂಟು ನೀಲಿ–ಹಸಿರು ಕಲೆ ಹಿಡಿಯತೊಡಗಿದರೆ ಅತಿಯಾಗಿದೆ. ಕಡ್ಡಿಯ ಹಕ್ಕಳೆ ತೆಗೆಯಲು ವಿನೆಗರ್ ಸಾಕು, ಹುಣಸೆಹುಳಿಯೂ ನಡೆಯುತ್ತದೆ.

ಆಮೇಲೆ ಕಡ್ಡಿಯನ್ನು ಬಿಚ್ಚಿಸಿ ಅಂಗಡಿಯ ತಕ್ಕಡಿಯಲ್ಲೇ ತೂಗಿಸಿ. 300 ಗ್ರಾಂ ತೂಗುವ ಕಡ್ಡಿ ಪೂರ್ತಿ ಕರಗಿ ಮುಗಿದರೂ ನೀರಿಗೆ ಕೊಡುವುದು 300 ಗ್ರಾಂ ಮಾತ್ರ. ಮೇಲೆ ಹೇಳಿದ ತೊಟ್ಟಿಗೆ ಅದು ಐವತ್ತೈದು ಸಲದ ಮದ್ದು, ಕೃಷಿ ಹೊಂಡಕ್ಕೆ ಒಂದೇ ಸಲದ್ದು.